ಒಳಚಕ್ರದ ಕೆಳಗಿನ ಬೆಳಕು

ಐವತ್ತನಾಲ್ಕು ವರ್ಷದ ಹೆಂಗಸೊಬ್ಬಳು ರೇಸ್ ಟ್ರ್ಯಾಕಿನ ಬೇಲಿಯ ಪಕ್ಕದಲ್ಲಿ ಬೋರಲು ಮಲಗಿ, ಕೆನ್ನೆಯನ್ನು ಬಿಸಿ ಸಿಮೆಂಟಿಗೆ ಒತ್ತಿಕೊಂಡು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ತಿರುವನ್ನೇ ನೋಡುತ್ತಿದ್ದರೆ ಹೊಸದಾಗಿ ಬಂದವರು ಮೊದಲು ನೀರು ತರಲು ಓಡುತ್ತಾರೆ. ಹನ್ನೊಂದು ವರ್ಷದ ಹಿಂದೆ ನಾನೂ ಓಡಿದ್ದೆ. ಚೊಂಬು ಹಿಡಿದು ಏದುಸಿರು ಬಿಡುತ್ತ ನಿಂತ ನನಗೆ ಅವಳು, "ಸರೀರಿ ಆ ಕಡೆ, ನಿಮ್ಮ ಕಾಲು ಅಡ್ಡ ಬರ್ತಿದೆ, ಬೆಳಕು ಕಾಣ್ತಿಲ್ಲ," ಎಂದಿದ್ದಳು. ಕೆಲಸ ಮುಗಿದ ಮೇಲೆ ಎದ್ದು ಕೂತು ನೀರನ್ನಂತೂ ಕುಡಿದಳು. ಟ್ರ್ಯಾಕಿನಲ್ಲಿ ಎಲ್ಲರೂ ಅವಳನ್ನು ಚಾಕ್‌ಪೀಸ್ ಅಕ್ಕ ಎನ್ನುತ್ತಾರೆ. ವಯಸ್ಸಿನಲ್ಲಿ ನಾನು ಅವಳಿಗಿಂತ ದೊಡ್ಡವನು, ಆದರೂ ನನಗೂ ಅಕ್ಕನೇ.

ನಾನು ಇಲ್ಲಿ ಸಮಯ ಬರೆಯುವವನು. ಮೂವತ್ತೆರಡು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದ ಮೇಲೆ, ಮನೆಯಲ್ಲಿ ಹೆಂಡತಿಯ ಕಾಲಿಗೆ ತೊಡರಿಕೊಳ್ಳುವುದಕ್ಕಿಂತ ಇದೇ ವಾಸಿ ಎಂದು ಬಂದು ಸೇರಿದೆ. ನಾಲ್ಕು ಕಂಬದ ಮೇಲೆ ನಿಂತ ಪ್ಲೈವುಡ್ ಗೂಡು ನನ್ನ ಕಚೇರಿ. ಒಂದು ಕಿಟಕಿ, ಒಂದು ಮೇಜು, ಸಮಯ ತೋರಿಸುವ ಯಂತ್ರ, ದಪ್ಪನೆಯ ಒಂದು ಪುಸ್ತಕ. ಪ್ರತಿ ಗಾಡಿಯ ಪ್ರತಿ ಸುತ್ತಿನ ಸಮಯ ಬರೆದು ಕೊನೆಯ ಕಾಲಮ್ಮಿನಲ್ಲಿ ಷರಾ ಹಾಕಬೇಕು. ಸಮಯವನ್ನು ಯಂತ್ರ ಹೇಳುತ್ತದೆ. ಷರಾವನ್ನು ಗಾಡಿಯ ಯಜಮಾನರು ಹೇಳುತ್ತಾರೆ. ಈ ಕಥೆಯಲ್ಲಿ ನನ್ನ ಪಾಲಿನ ತಪ್ಪು ಆ ಕಾಲಮ್ಮಿನಲ್ಲಿದೆ. ಅದನ್ನು ಮುಚ್ಚಿಡುವ ಇರಾದೆ ನನಗಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಕಾರ್ಟ್ ಎಂದರೆ ಮಂಚದ ಚೌಕಟ್ಟಿಗೆ ನಾಲ್ಕು ಚಕ್ರ ಸಿಕ್ಕಿಸಿದಂತಿರುವ ಪುಟ್ಟ ಓಟದ ಗಾಡಿ. ಬಾಗಿಲಿಲ್ಲ, ಮೇಲೆ ಮುಚ್ಚಿಗೆಯಿಲ್ಲ, ಸ್ಪ್ರಿಂಗೂ ಇಲ್ಲ. ಹಿಂದಿನ ಎರಡೂ ಚಕ್ರಗಳನ್ನು ಒಂದೇ ಕೊಳವೆಗೆ ಬಿಗಿದಿರುತ್ತಾರೆ. ಒಂದು ಎಷ್ಟು ತಿರುಗಿದರೆ ಇನ್ನೊಂದೂ ಅಷ್ಟೇ ತಿರುಗಬೇಕು. ನೇರ ದಾರಿಯಲ್ಲಿ ಇದರಿಂದ ತೊಂದರೆಯಿಲ್ಲ. ತಿರುವಿನಲ್ಲಿ ಮಾತ್ರ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಎರಡೂ ನೆಲ ಕಚ್ಚಿ ಕೂತರೆ ಮುಂದಿನ ಚಕ್ರಗಳು ತಿರುಗು ಎನ್ನುತ್ತವೆ, ಹಿಂದಿನವು ಒಲ್ಲೆ ಎನ್ನುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಸ್ಥಿತಿ. ಆದ್ದರಿಂದ ತಿರುವಿನಲ್ಲಿ ಒಳಗಿನ ಹಿಂಚಕ್ರ ಒಂದು ಕ್ಷಣ ನೆಲ ಬಿಡಬೇಕು. ಹೆಚ್ಚೇನಲ್ಲ, ಒಂದು ರಟ್ಟು ತೂರುವಷ್ಟು. ಅಕ್ಕ ನೆಲಕ್ಕೆ ಕೆನ್ನೆ ಕೊಟ್ಟು ಹುಡುಕುವುದು ಆ ಸಂದಿನ ಬೆಳಕನ್ನು.

ಅವಳು ಮೂಲತಃ ಮೆಕ್ಯಾನಿಕ್ ಅಲ್ಲ, ದರ್ಜಿ. ಮದುವೆಯಾಗಿ ಬಂದಾಗ ಗಂಡ ಟ್ರ್ಯಾಕಿನ ಅಂಚಿನಲ್ಲಿ, ಈಗ ನನ್ನ ಗೂಡಿಗೆ ಎದುರಾಗಿರುವ ಜಾಗದಲ್ಲೇ, ಕಾರು ರಿಪೇರಿಯ ಶೆಡ್ ನಡೆಸುತ್ತಿದ್ದ. ಅವನನ್ನು ಮೇಸ್ತ್ರಿ ಎಂದೇ ಎಲ್ಲರೂ ಕರೆಯುವುದು. ಸೀಟಿನ ಕವರು ಹೊಲಿದುಕೊಡಲು ಹೊಲಿಗೆ ಯಂತ್ರದೊಂದಿಗೆ ಶೆಡ್ಡಿಗೆ ಕಾಲಿಟ್ಟವಳು ಮತ್ತೆ ಹೊರಗೆ ಬರಲೇ ಇಲ್ಲ. ಕವರು ಹೊಲಿಯುತ್ತ ಸೀಟು ಬಿಚ್ಚುವುದನ್ನು ಕಲಿತಳು, ಸೀಟು ಬಿಚ್ಚುತ್ತ ಅದರ ಕೆಳಗಿರುವುದನ್ನೆಲ್ಲ ಕಲಿತಳು. ಮೇಸ್ತ್ರಿ ಬೈಯುತ್ತಲೇ ಹೇಳಿಕೊಟ್ಟ. ಹೇಳಿಕೊಡುತ್ತಲೇ ಬೈದ. ದರ್ಜಿಯ ಸೀಮೆಸುಣ್ಣ ಮಾತ್ರ ಅವಳ ಕಿವಿಯ ಮೇಲಿಂದ ಇಳಿಯಲಿಲ್ಲ. ಗಾಡಿಗೆ ಏನೇ ಬದಲಾವಣೆ ಮಾಡುವ ಮೊದಲು ಹಳೆಯ ಅಳತೆಯನ್ನು ಶೆಡ್ಡಿನ ನೆಲದ ಮೇಲೆ ಬರೆಯುತ್ತಾಳೆ, ಆಮೇಲೆ ಅದರ ಪಕ್ಕ ಹೊಸದನ್ನು. ಒಂದು ಸಲಕ್ಕೆ ಒಂದೇ ಬದಲಾವಣೆ.

"ತೋಳು, ಕತ್ತು, ಸೊಂಟ ಮೂರನ್ನೂ ಒಟ್ಟಿಗೆ ಬಿಚ್ಚಿ ಹೊಲಿದ್ರೆ ಮೊದಲು ಎಲ್ಲಿ ಬಿಗಿಯಾಗಿತ್ತು ಅಂತ ಗೊತ್ತಾಗೋದು ಹೇಗೆ ಮೇಷ್ಟ್ರೇ?" ಎಂದು ಒಮ್ಮೆ ನನ್ನನ್ನೇ ಕೇಳಿದ್ದಳು. ನಾನು ಮೂವತ್ತೆರಡು ವರ್ಷ ಹೇಳಿಕೊಟ್ಟ ಲೆಕ್ಕದಲ್ಲಿ ಇಷ್ಟು ಸರಳವಾದ ಮಾತು ಇರಲಿಲ್ಲ.

ಐದು ವರ್ಷದ ಹಿಂದೆ ಮೇಸ್ತ್ರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಅಂದಿನಿಂದ ಅವನು ಶೆಡ್ಡಿನ ಬಾಗಿಲಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಕೈ ಹೋದರೂ ಬಾಯಿ ಹೋಗಲಿಲ್ಲ. ಅವನ ಕುರ್ಚಿಯ ಹಿಂದಿನ ಗೋಡೆಯ ಮೇಲೆ, ಅವನೇ ಹರೆಯದಲ್ಲಿ ಕೆಂಪು ಪೇಂಟಿನಲ್ಲಿ ಬರೆದ ಅಂಗೈ ಅಗಲದ ಅಕ್ಷರಗಳಿವೆ: "ಭಾರ ತಗ್ಗಿನಲ್ಲಿರಲಿ." ಅವನು ಸಿದ್ಧಮಾಡಿದ ಕಾರೊಂದು ಮಗುಚಿ ಬಿದ್ದ ದಿನ ಬರೆದದ್ದಂತೆ. ಭಾರ ಕೆಳಗಿದ್ದಷ್ಟೂ ಗಾಡಿ ಹೇಳಿದ ಮಾತು ಕೇಳುತ್ತದೆ ಎಂಬುದು ಅವನ ಮೊದಲ ಪಾಠ, ಕೊನೆಯ ಪಾಠ. ಆ ಶೆಡ್ಡಿನಲ್ಲಿ ಕೆಲಸ ಕಲಿತವರು ಯಾರೂ ಅದನ್ನು ಪ್ರಶ್ನಿಸಿದ್ದಿಲ್ಲ. ಅಕ್ಕನೂ ಇಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಇಬ್ಬರ ಕಾಲವೂ ಒಟ್ಟಿಗೇ ಬಂತು. ಅಕ್ಕನ ಮಗ ಮೊದಲು ಕಾರ್ಟ್ ಓಡಿಸುತ್ತಿದ್ದ. ಮದುವೆಯಾದ ಮೇಲೆ ಮೈ ಬಂದು ಸೀಟಿನೊಳಗೆ ಹಿಡಿಸದಾದ, ನಗುತ್ತ ಬಿಟ್ಟುಬಿಟ್ಟ. ಅವನ ಹೆಂಡತಿ ಬೆಳಿಗ್ಗೆ ಬೇಕರಿಯ ವ್ಯಾನ್ ಓಡಿಸಿ ಅಂಗಡಿ ಅಂಗಡಿಗೆ ಬ್ರೆಡ್ ಹಾಕುವವಳು. ನಲವತ್ತಾರು ಕಿಲೋ ತೂಕದ ಹುಡುಗಿ. ಒಂದು ಸಂಜೆ ತಮಾಷೆಗೆಂದು ಬಾಡಿಗೆ ಕಾರ್ಟಿನಲ್ಲಿ ಕೂತು ಹತ್ತು ಸುತ್ತು ಹೊಡೆದಳು. ಬಾಡಿಗೆ ಗಾಡಿಗಳೆಲ್ಲ ಒಂದೇ ಥರ, ಓಡಿಸುವವರ ಕೈಚಳಕ ಅಲ್ಲಿ ಮುಚ್ಚಿಡಲಾಗದು. ಆ ವರ್ಷದ ಅತಿ ಕಡಿಮೆ ಸಮಯವನ್ನು ನಾನು ಅಂದು ಅವಳ ಹೆಸರಿನ ಮುಂದೆ ಬರೆದೆ.

ಅದನ್ನು ನೋಡಿಯೇ ಟೈರ್ ಅಂಗಡಿಯ ಯಜಮಾನರು ತಮ್ಮ ರೇಸ್ ಗಾಡಿಯನ್ನು ಒಂದು ತಿಂಗಳ ಮಟ್ಟಿಗೆ ಅವಳ ಕೈಗೆ ಕೊಟ್ಟರು. ಗಾಡಿ ಅವರದು, ಅದನ್ನು ಸಿದ್ಧಮಾಡುವ ಕೆಲಸ ಅಕ್ಕನದು. ತಿಂಗಳ ಕೊನೆಯ ಭಾನುವಾರ ಸಂಜೆ ಐದಕ್ಕೆ ಈ ಸಾಲಿನ ಚಾಲಕರ ಪಟ್ಟಿ ಮುಚ್ಚುತ್ತದೆ. ಅಷ್ಟರೊಳಗೆ ಒಂದು ಸುತ್ತನ್ನಾದರೂ ಐವತ್ತೊಂದು ಸೆಕೆಂಡಿಗಿಂತ ಕಡಿಮೆಯಲ್ಲಿ ಮುಗಿಸಿದರೆ ಸೀಟು ಸೊಸೆಯದು. ಇಲ್ಲದಿದ್ದರೆ ಯಜಮಾನರ ಸೋದರಳಿಯನದು. ಅವನನ್ನು ನಾವು ಗೌರವದಿಂದ ಅಳಿಯಂದಿರು ಎಂದು ಕರೆಯುತ್ತಿದ್ದೆವು. ಕೈಯಲ್ಲಿ ಸದಾ ಲ್ಯಾಪ್‌ಟಾಪು, ಎಪ್ಪತ್ತೆಂಟು ಕಿಲೋ, ಒಳ್ಳೆಯ ಹುಡುಗನೇ, ಆದರೆ ನೋಡಿದ್ದಕ್ಕಿಂತ ಓದಿದ್ದು ಹೆಚ್ಚು.

ತಿಂಗಳು ಮುಗಿಯುತ್ತ ಬಂದರೂ ಸೊಸೆಯ ಸಮಯ ಐವತ್ತೆರಡೂವರೆಯಿಂದ ಇಳಿಯಲಿಲ್ಲ. ಕೊಕ್ಕೆ ಎಂದು ಕರೆಯುವ ಕಡಿದಾದ ತಿರುವಿನಲ್ಲಿ ಗಾಡಿ ತಿರುಗದೆ ನೇರಕ್ಕೆ ಜಾರುತ್ತಿತ್ತು. ತಿರುವು ಮುಗಿದು ವೇಗ ಹಿಡಿಯಬೇಕಾದ ಜಾಗದಲ್ಲಿ ಎಂಜಿನ್ ಉಬ್ಬಸ ಬಂದವರಂತೆ ಗೊರಗೊರ ಅನ್ನುತ್ತಿತ್ತು.

"ಕೈಯಲ್ಲಿ ಕಸುವಿಲ್ಲ ಅಷ್ಟೇ," ಎಂದರು ಯಜಮಾನರು, ನನ್ನ ಗೂಡಿಗೆ ಹತ್ತಿಬಂದು. "ಬರೀರಿ ಮೇಷ್ಟ್ರೇ. ಚಾಲಕಿಗೆ ತೋಳಿನಲ್ಲಿ ಶಕ್ತಿ ಸಾಲದು."

ನಾನು ಬರೆದೆ. ಬಾಡಿಗೆ ಗಾಡಿಯಲ್ಲಿ ಅದೇ ತೋಳುಗಳು ಮಾಡಿದ್ದನ್ನು ಬರೆದವನೂ ನಾನೇ, ಅದೇ ಪುಸ್ತಕದಲ್ಲಿ, ಇಪ್ಪತ್ತು ಪುಟ ಹಿಂದೆ. ಆದರೂ ಬರೆದೆ. ಶಾಲೆಯಲ್ಲಿ ಮೂವತ್ತೆರಡು ವರ್ಷ ಮೇಲಿನವರು ಹೇಳಿದ್ದನ್ನೇ ಬರೆದು ಬರೆದು ಅಭ್ಯಾಸವಾದ ಕೈ ಇದು.

ಆ ಷರಾ ಸೊಸೆಯ ಕಣ್ಣಿಗೆ ಬಿದ್ದದ್ದು ಮರುದಿನ. ಅಳಲಿಲ್ಲ, ಜಗಳ ಆಡಲಿಲ್ಲ. "ದಿನಾ ಮುಂಜಾನೆ ಎಂಬತ್ತು ಟ್ರೇ ಬ್ರೆಡ್ ಎತ್ತಿ ಇಳಿಸ್ತೀನಿ ಮೇಷ್ಟ್ರೇ," ಎಂದಳು. "ಅಲ್ಲಿ ಯಾರೂ ನನ್ನ ಟೈಮ್ ಬರೆಯಲ್ಲ. ಇಲ್ಲಿ ಬರೀತಾರೆ ಅಂತ ಬಂದೆ. ಸರಿಯಾಗಿ ಬರೀತಾರೆ ಅಂದ್ಕೊಂಡಿದ್ದೆ." ನನಗೆ ನೆಲ ಬಾಯಿ ಬಿಟ್ಟು ನುಂಗಬಾರದೆ ಅನಿಸಿತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೊನೆಯ ಪರೀಕ್ಷೆ ಶುರುವಾಯಿತು. ಯಜಮಾನರು ಶೆಡ್ಡಿನ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಅಳಿಯಂದಿರು ಲ್ಯಾಪ್‌ಟಾಪ್ ಬಿಚ್ಚಿ ಬಣ್ಣಬಣ್ಣದ ಗೆರೆಗಳನ್ನು ತೋರಿಸುತ್ತ, "ನೋಡಿ, ಕೊಕ್ಕೆಗೆ ಬರೋ ಮುಂಚೆನೇ ಬ್ರೇಕ್ ಹಿಡೀತಾರೆ. ಧೈರ್ಯ ಸಾಲ್ತಿಲ್ಲ," ಎಂದರು.

"ಗಾಡಿ ತಿರುಗಲ್ಲ ಅಂತ ಗೊತ್ತಾದ ಮೇಲೆ ಯಾರಾದ್ರೂ ಮುಂಚೆನೇ ಹಿಡೀತಾರೆ," ಎಂದಳು ಅಕ್ಕ.

ಯಜಮಾನರು ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಆ ಗಾದೆ ನಾನೂ ಕೇಳಿದೀನಿ," ಎಂದಳು ಅಕ್ಕ, ಸ್ಪ್ಯಾನರಿನಿಂದ ತಲೆ ಎತ್ತದೆ. "ನೆಲ ನಿಜವಾಗ್ಲೂ ಡೊಂಕಿತ್ತಾ ಅಂತ ಯಾರಾದ್ರೂ ಹೋಗಿ ಅಳೆದು ನೋಡಿದ್ರಾ? ಇವತ್ತು ನಾನು ಅಳೀತೀನಿ. ಸಂಜೆ ಐದರ ತನಕ ಇವಳ ತೋಳಿನ ಮಾತು ಈ ಶೆಡ್ಡಲ್ಲಿ ಯಾರೂ ಎತ್ತಬಾರದು."

ಮೊದಲು ಮುಂದಿನ ಎರಡು ಚಕ್ರಗಳನ್ನು ಒಂದೊಂದು ವಾಷರ್ ಬಿಲ್ಲೆಯಷ್ಟು ಹೊರಕ್ಕೆ ಸರಿಸಿದಳು. ಮುಂಭಾಗ ಅಗಲವಾದರೆ ತಿರುವಿನಲ್ಲಿ ಒಳಗಿನ ಹಿಂಚಕ್ರ ಎದ್ದೇಳಲು ಸ್ವಲ್ಪ ಸಹಾಯವಾಗುತ್ತದೆ. ನೆಲದ ಮೇಲೆ ಹಳೆಯ ಅಳತೆ, ಹೊಸ ಅಳತೆ. ಸೊಸೆ ಐದು ಸುತ್ತು ಹೋಗಿ ಬಂದಳು: ಐವತ್ತೆರಡು ಪಾಯಿಂಟ್ ಒಂದು. ಅಕ್ಕ ಕೊಕ್ಕೆಯ ಬೇಲಿಯ ಹತ್ತಿರ ಬೋರಲು ಮಲಗಿ ನೋಡಿ ಬಂದು ತಲೆಯಾಡಿಸಿದಳು. ಬೆಳಕಿಲ್ಲ. ಮುಂಭಾಗವನ್ನು ಹಾಗೇ ಬಿಟ್ಟು ಟೈರಿನ ಗಾಳಿ ಒಂದಿಷ್ಟು ಇಳಿಸಿದಳು. ಐವತ್ತೆರಡು ಪಾಯಿಂಟ್ ಎರಡು. ಗಾಳಿಯನ್ನು ಮತ್ತೆ ಮೊದಲಿನಂತೆ ತುಂಬಿ, ಹಿಂದಿನ ಚಕ್ರಗಳನ್ನು ಒಳಕ್ಕೆ ತಂದಳು. ಸಮಯ ಅಲ್ಲೇ ನಿಂತಿತು. ಅದನ್ನೂ ಮೊದಲಿನಂತೆ ಮಾಡಿದಳು. ಮಧ್ಯಾಹ್ನ ಎರಡರ ಹೊತ್ತಿಗೆ ಶೆಡ್ಡಿನ ನೆಲ ಸಂತೆಯ ಲೆಕ್ಕದ ಹಲಗೆಯಂತಾಗಿತ್ತು, ಆ ಚಕ್ರ ಮಾತ್ರ ನೆಲಕ್ಕೆ ಅಂಟು ಹಾಕಿದಂತೆ ಕೂತಿತ್ತು.

"ನೀನು ಸುಮ್ನೆ ಕೈ ಆಡಿಸ್ತಿದೀಯ," ಎಂದ ಮೇಸ್ತ್ರಿ ಕುರ್ಚಿಯಿಂದ. "ಗಾಡಿ ಸರಿಯಾಗೇ ಇದೆ. ಹುಡುಗಿಗೆ ಇನ್ನೊಂದು ವರ್ಷ ಅಭ್ಯಾಸ ಬೇಕು."

ಸೊಸೆ ಹೆಲ್ಮೆಟ್ ತೆಗೆದು, ಗಾಡಿಯ ಪಕ್ಕ ಚಕ್ಕಂಬಕ್ಕಲ ಹಾಕಿ ಕೂತು ಡಬ್ಬಿಯಿಂದ ಊಟ ಮಾಡುತ್ತಿದ್ದಳು. ಅಕ್ಕ ಅವಳ ಎದುರು ಕೂತು, ಟೇಪು ಹಿಡಿದ ದರ್ಜಿ ಗಿರಾಕಿಯನ್ನು ನೋಡುವಂತೆ ಮೇಲಿಂದ ಕೆಳಗೆ ನೋಡಿದಳು.

"ಎಲ್ಲಿ ಹಿಡಿಯುತ್ತೆ ಹೇಳೇ. ಗಾಡಿ ವಿಷಯ ಬಿಡು. ನಿನ್ನ ಮೈಗೆ ಏನನ್ಸುತ್ತೆ?"

ಸೊಸೆ ತುತ್ತು ನುಂಗಿ ಯೋಚಿಸಿದಳು. "ಕೊಕ್ಕೇಲಿ ನಾನು ಹೊರಕ್ಕೆ ವಾಲ್ತೀನಿ ಅತ್ತೆ, ಭುಜ ಸೀಟಿಗೆ ಒತ್ತುತ್ತೆ. ಆದ್ರೆ ಗಾಡಿ ನನ್ ಜೊತೆ ವಾಲಲ್ಲ. ಕೆಳಗೆ ಯಾರೋ ಕಾಲು ಹಿಡ್ಕೊಂಡು ಕೂತ ಹಾಗಿರುತ್ತೆ. ಬಾಡಿಗೆ ಗಾಡೀಲಿ ಹೀಗಾಗಲ್ಲ."

"ಬಾಡಿಗೆ ಗಾಡೀಲಿ ಇಲ್ಲದ್ದು ಇದರಲ್ಲೇನಿದೆ?"

"ಎಂಜಿನ್ ದೊಡ್ಡದು. ಟೈರ್ ಬೇರೆ." ಸೊಸೆ ಸೀಟಿನ ಕಡೆ ನೋಡಿದಳು. "ಸೀಸ."

ರೇಸಿನ ನಿಯಮದ ಪ್ರಕಾರ ಗಾಡಿ ಮತ್ತು ಚಾಲಕ ಸೇರಿ ಇಷ್ಟು ತೂಕ ಇರಲೇಬೇಕು. ಹಗುರ ಇದ್ದವರು ಸೀಸದ ತುಂಡು ಕಟ್ಟಿಕೊಂಡು ಸರಿದೂಗಿಸಬೇಕು. ಸೊಸೆಯ ಪಾಲಿಗೆ ಹದಿನಾಲ್ಕು ಕಿಲೋ ಬಂದಿತ್ತು. ಅಕ್ಕ ಅದನ್ನು ನಾಲ್ಕು ತುಂಡು ಮಾಡಿ, ಸೀಟಿನ ತಳದಲ್ಲಿ, ತೊಡೆಯ ಕೆಳಗೆ, ನೆಲದಿಂದ ಎರಡೇ ಬೆರಳು ಎತ್ತರದಲ್ಲಿ ಬೋಲ್ಟ್ ಹಾಕಿ ಬಿಗಿದಿದ್ದಳು. ತಾನೇ, ತನ್ನ ಕೈಯಾರೆ, ತಿಂಗಳ ಮೊದಲ ದಿನ. ಗೋಡೆಯ ಮೇಲೆ ಹಾಗೆಯೇ ಬರೆದಿತ್ತಲ್ಲ.

ಅಕ್ಕ ಎದ್ದು ನಿಂತಳು. ಗೋಡೆ ನೋಡಿದಳು, ಗಾಡಿ ನೋಡಿದಳು, ಮತ್ತೆ ಗೋಡೆ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ತಪ್ಪು ನಂದು."

ಯಜಮಾನರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. "ಈಗಲಾದ್ರೂ ಒಪ್ಕೊಂಡ್ರಲ್ಲ."

"ನಂದು ಅಂದೆ. ಇವಳದ್ದು ಅನ್ನಲಿಲ್ಲ." ಅಕ್ಕ ಸೀಟಿನ ತಳಕ್ಕೆ ಸ್ಪ್ಯಾನರಿನಿಂದ ಟಣ್ ಎಂದು ಬಡಿದಳು. "ಭಾರ ತಗ್ಗಲ್ಲಿರಬೇಕು ಅನ್ನೋದು ಕಾರಿನ ಪಾಠ. ಕಾರು ವಾಲಬಾರದು. ಇದು ವಾಲಲೇಬೇಕು, ವಾಲಿದ್ರೇನೆ ಒಳಗಿನ ಚಕ್ರ ಏಳೋದು. ದಪ್ಪಗಿರೋರು ಕೂತ್ರೆ ಅವರ ಮೈಯೇ ವಾಲಿಸುತ್ತೆ. ಇವಳು ಹಗುರ, ಮೇಲಿಂದ ವಾಲಿಸೋಕೆ ಭಾರ ಇಲ್ಲ. ಸಾಲದು ಅಂತ ನಾನು ಹದಿನಾಲ್ಕು ಕಿಲೋ ತಗೊಂಡೋಗಿ ತಳಕ್ಕೆ ಕಟ್ಟಿ ಮೊಳೆ ಹೊಡೆದ ಹಾಗೆ ಕೂರಿಸಿದೀನಿ. ಒಂದು ತಿಂಗಳು ಈ ಹುಡುಗಿ ನನ್ನ ತಪ್ಪಿನ ಮೇಲೆ ಕೂತು ಓಡಿಸಿದ್ಲು. ಅದಕ್ಕೆ ನೀವೆಲ್ಲ ಅವಳ ತೋಳು ಬೈದ್ರಿ."

ಅವಳಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಎರಡನ್ನೂ ಅವಳು ಮುಚ್ಚಿಡಲಿಲ್ಲ.

"ಸೀಸ ಎಲ್ಲಾ ಬಿಚ್ಚಿ ಸೀಟಿನ ಬೆನ್ನಿಗೆ ಹಾಕ್ತೀನಿ. ಭುಜದ ಮಟ್ಟಕ್ಕೆ."

ಕುರ್ಚಿ ಕಿರ್ ಎಂದಿತು. ಮೇಸ್ತ್ರಿ ಎಡಗೈ ಊರಿ ಅರ್ಧ ಎದ್ದಿದ್ದ. "ಏನಂದೆ? ಭುಜದ ಮಟ್ಟಕ್ಕೆ? ಲೇ, ನಲವತ್ತು ವರ್ಷದ ಅನುಭವ ಕಣೇ ಆ ಗೋಡೆ ಮೇಲಿರೋದು. ನನ್ನ ಮಾತು ಮೀರ್ತೀಯಾ?"

"ಮೀರ್ತೀನಿ ಕಣ್ರೀ."

"ಮಗುಚಿ ಬಿದ್ರೆ?"

"ಬೀಳಲ್ಲ. ಒಂದು ವೇಳೆ ಹೆಚ್ಚು ಎದ್ರೆ ನಾನು ನೆಲದ ಮೇಲೆ ಮಲಗಿ ನೋಡ್ತಿರ್ತೀನಿ, ಮೊದಲನೇ ಸುತ್ತಲ್ಲೇ ನಿಲ್ಲಿಸ್ತೀನಿ. ಮೂವತ್ತು ವರ್ಷ ನಿಮ್ಮ ಮಾತು ಮೀರಲಿಲ್ಲ, ಯಾಕಂದ್ರೆ ನೀವು ಹೇಳಿದ್ದು ಸರಿ ಇತ್ತು. ಇವತ್ತು ಸರಿಯಿಲ್ಲ. ನಿಮ್ಮ ಮೇಲೆ ಕೋಪ ಇಲ್ಲ, ಆದ್ರೆ ಗಾಡಿ ಮುಂದೆ ಗಂಡ ಅಂತ ದಾಕ್ಷಿಣ್ಯ ಮಾಡಕ್ಕಾಗಲ್ಲ."

ಈಗ ಯಜಮಾನರ ಸರದಿ. "ಸೀಟಿಗೆ ಹೊಸ ತೂತು ಹಾಕೋ ಹಾಗಿಲ್ಲ. ಸೀಟು ನನ್ನದು."

"ನಿಮ್ಮದೇ," ಎಂದಳು ಅಕ್ಕ, ಡ್ರಿಲ್ಲಿನ ವಯರನ್ನು ಪ್ಲಗ್ಗಿಗೆ ಚುಚ್ಚುತ್ತ. "ಐದರ ತನಕ ಗಾಡಿ ನನ್ನ ಕೈಲಿ ಅಂತ ಒಪ್ಪಿದ್ದೂ ನೀವೇ. ಆಮೇಲೆ ಬೇಕಾದ್ರೆ ನನ್ನನ್ನೇ ಹೊರಗೆ ಹಾಕಿ, ಸೀಟಿನ ಜೊತೆ." ಡ್ರಿಲ್ ಗರ್ ಎಂದಿತು. ಮುಂದೆ ಅವರು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ನಾನು ಕೇಳಿಸಿಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ.

ಅಕ್ಕ ಸೊಸೆಯನ್ನು ಸೀಟಿನಲ್ಲಿ ಕೂರಿಸಿ, ಭುಜದ ಎಲುಬಿನ ಮಟ್ಟಕ್ಕೆ ಸೀಟಿನ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದಳು. ಅಂಗಿಗೆ ಅಳತೆ ತೆಗೆಯುವಾಗ ಹೇಗೋ ಹಾಗೆ. ನಾಲ್ಕು ತೂತು ಕೊರೆದು ಮೊದಲ ಬೋಲ್ಟ್ ತೂರಿಸುವಾಗ ಏನೋ ಉಜ್ಜಿದ ಸದ್ದಾಯಿತು. ಮೇಸ್ತ್ರಿ ತನ್ನ ಊರುಗೋಲಿನ ತುದಿಯಿಂದ ಒಂದು ತಗಡಿನ ಡಬ್ಬಿಯನ್ನು ನೆಲದ ಮೇಲೆ ಅವಳ ಕಡೆಗೆ ತಳ್ಳುತ್ತಿದ್ದ.

"ದೊಡ್ಡ ವಾಷರ್ ಹಾಕು. ಅಷ್ಟು ಮೇಲೆ ಸೀಟು ತೆಳ್ಳಗಿರುತ್ತೆ, ಸಣ್ಣದು ಹಾಕಿದ್ರೆ ಸೀಳುತ್ತೆ," ಎಂದ ಬೇರೆಲ್ಲೋ ನೋಡುತ್ತ. "ಒಪ್ಪಿದೀನಿ ಅಂತಲ್ಲ. ಕೆಲಸ ಮಾಡೋದಾದ್ರೆ ನೆಟ್ಟಗೆ ಮಾಡು ಅಂತ."

ಮೂರೂವರೆಗೆ ಸೊಸೆ ಹೊರಟಳು. ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನೋಡುತ್ತಿದ್ದೆ. ಅಕ್ಕ ಕೊಕ್ಕೆಯ ಬಳಿ ಮಲಗಿದ್ದಳು. ಮೊದಲ ಸುತ್ತಿನಲ್ಲಿ ಟೈರು ತಣ್ಣಗಿತ್ತು. ಎರಡನೆಯದರಲ್ಲಿ ಗಾಡಿ ಕೊಕ್ಕೆಗೆ ನುಗ್ಗಿ ತಿರುಗಿತು. ನಿಜಕ್ಕೂ ತಿರುಗಿತು! ಆದರೆ ಮರುಕ್ಷಣವೇ ಕಪ್ಪೆಯಂತೆ ಕುಪ್ಪಳಿಸಲು ಶುರುಮಾಡಿತು. ಹಿಂದಿನ ಚಕ್ರ ಎದ್ದು ಬಿದ್ದು ಎದ್ದು ಬಿದ್ದು, ಸೊಸೆಯ ಹೆಲ್ಮೆಟ್ ಗಡಗಡ ಅಲ್ಲಾಡಿತು. ಅಕ್ಕ ಎದ್ದು ಕೈ ಬೀಸಿ ಗಾಡಿಯನ್ನು ಒಳಗೆ ಕರೆಸಿದಳು. ಅಷ್ಟು ಕುಪ್ಪಳಿಸಿಯೂ ಯಂತ್ರ ಐವತ್ತೊಂದು ಪಾಯಿಂಟ್ ಆರು ತೋರಿಸಿತು.

"ನೋಡಿದ್ರಾ? ಮಗುಚ್ತಿತ್ತು!" ಎಂದು ಯಜಮಾನರು ಕೂಗಿದರು. "ಸಾಕು ನಿಲ್ಲಿಸಿ ಈ ಹುಚ್ಚಾಟ."

ಅಕ್ಕ ಕೆನ್ನೆಯ ಮೇಲೆ ಸಿಮೆಂಟಿನ ಚುಕ್ಕೆಗಳ ಅಚ್ಚು ಹೊತ್ತು ಶೆಡ್ಡಿಗೆ ಬಂದಳು. ಬೆಳಗಿನಿಂದ ಅವಳ ಮುಖದಲ್ಲಿ ನಗು ಕಂಡದ್ದು ಆಗಲೇ. "ಬೆಳಕಲ್ಲ ಮೇಷ್ಟ್ರೇ, ಕಿಟಕಿನೇ ತೆಗೆದಿದೆ," ಎಂದು ನನ್ನತ್ತ ಕೂಗಿ, ನೆಲದ ಮೇಲಿನ ಬರಹಕ್ಕೆ ಬಗ್ಗಿದಳು. ಬೆಳಿಗ್ಗೆ ಚಕ್ರ ಏಳಲೆಂದು ಮುಂಭಾಗ ಅಗಲ ಮಾಡಿದ್ದಳಲ್ಲ, ಅದು ಹಾಗೇ ಉಳಿದಿತ್ತು. ಸೀಸವೂ ಎತ್ತುತ್ತಿದೆ, ಅಗಲವೂ ಎತ್ತುತ್ತಿದೆ. ಹಳೆಯ ಅಳತೆ ಓದಿಕೊಂಡು ಮುಂದಿನ ಚಕ್ರಗಳನ್ನು ಮೊದಲಿದ್ದ ಜಾಗಕ್ಕೆ ತಂದಳು. ಬೇರೆ ಏನನ್ನೂ ಮುಟ್ಟಲಿಲ್ಲ.

ನಾಲ್ಕು ಹತ್ತಕ್ಕೆ ಸೊಸೆ ಮತ್ತೆ ಹೊರಟಳು. ಕೊಕ್ಕೆಯಲ್ಲಿ ಗಾಡಿ ಸದ್ದಿಲ್ಲದೆ ಹೊರಳಿತು, ಕತ್ತರಿ ಬಟ್ಟೆಯಲ್ಲಿ ತಿರುಗುವಂತೆ. ಎಂಜಿನ್ ಗೊರಗುಟ್ಟಲಿಲ್ಲ, ತಿರುವಿನಿಂದಾಚೆ ಒಂದೇ ಉಸಿರಿನಲ್ಲಿ ಏರಿತು. ಐವತ್ತೊಂದು ಪಾಯಿಂಟ್ ಎರಡು. ನಾನು ಬರೆದೆ. ಐವತ್ತು ಪಾಯಿಂಟ್ ಒಂಬತ್ತು. ಬರೆದೆ. ಐವತ್ತು ಪಾಯಿಂಟ್ ಏಳು. ಆ ಅಂಕಿಯನ್ನು ಬರೆಯುವಾಗ ನನ್ನ ಪೆನ್ಸಿಲ್ ಕಾಗದವನ್ನು ಹರಿದುಬಿಟ್ಟಿತು. ಅತ್ತ ಬೇಲಿಯ ಬಳಿ ಅಕ್ಕ ಮಲಗಿದಲ್ಲೇ ಅಂಗೈಯಿಂದ ನೆಲವನ್ನು ದಬದಬ ಬಡಿಯುತ್ತಿದ್ದಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಯಜಮಾನರು ಸುಮ್ಮನೆ ಯಜಮಾನರಾದವರಲ್ಲ. ಗಾಡಿ ಶೆಡ್ಡಿಗೆ ಬರುವ ಹೊತ್ತಿಗೆ ಅವರ ಮುಖದಲ್ಲಿ ಹೊಸ ಲೆಕ್ಕಾಚಾರ ಓಡುತ್ತಿತ್ತು.

"ಅಂದ್ರೆ ದೋಷ ಗಾಡೀದೇ ಅಂತಾಯ್ತು. ಈಗ ಗಾಡಿ ಸರಿಹೋಯ್ತು. ಸರಿಯಾದ ಗಾಡೀಲಿ ನನ್ನ ಅಳಿಯ ಇನ್ನೂ ಕಡಿಮೆ ಟೈಮ್ ತೆಗೀತಾನೆ. ಇನ್ನೂ ಅರ್ಧ ಗಂಟೆ ಇದೆ. ಹತ್ತೋ."

ನನಗೆ ಬಂದ ಕೋಪಕ್ಕೆ ಪುಸ್ತಕ ಎತ್ತಿ ಎಸೆಯಬೇಕೆನಿಸಿತು. ಅಕ್ಕ ಮಾತ್ರ ಕಿವಿಯ ಮೇಲಿನ ಸೀಮೆಸುಣ್ಣ ಸರಿಮಾಡಿಕೊಂಡಳು.

"ಓಡಿಸಲಿ, ಬೇಡ ಅನ್ನಲ್ಲ. ಹತ್ತು ನಿಮಿಷ ಕೊಡಿ, ಆ ಸೀಸ ಬಿಚ್ಚಿಕೊಡ್ತೀನಿ. ಇವರ ತೂಕಕ್ಕೆ ಅದು ಬೇಡ. ಇದು ಇವಳ ಅಳತೆಗೆ ಹೊಲಿದದ್ದು."

"ಗೆಲ್ಲೋ ಗಾಡೀನ ಬಿಚ್ಚಿ ಕೆಡಿಸ್ಬೇಕು ಅಂತನಾ? ನನಗೇನು ಕಿವಿ ಮೇಲೆ ಹೂವಿಟ್ಟಿದೀರಾ? ಹಾಗೇ ಇರಲಿ. ಒಂದು ನಟ್ಟೂ ಮುಟ್ಟಬೇಡಿ."

"ಮಾವ, ಅವರು ಹೇಳೋದ್ರಲ್ಲಿ..." ಎಂದರು ಅಳಿಯಂದಿರು.

"ಹತ್ತೋ ಅಂದೆ."

ಹತ್ತಿದರು. ಸೀಟಿನಲ್ಲಿ ಹೇಗೋ ಮೈ ತೂರಿಸಿ, ಮೊಣಕಾಲು ಸ್ಟಿಯರಿಂಗಿಗೆ ತಗಲುವಂತೆ ಕೂತು ಹೊರಟರು. ಎಪ್ಪತ್ತೆಂಟು ಕಿಲೋ ಮನುಷ್ಯ, ಅದರ ಮೇಲೆ ಭುಜದೆತ್ತರಕ್ಕೆ ಹದಿನಾಲ್ಕು ಕಿಲೋ ಸೀಸ. ಮೊದಲ ತಿರುವಿನಲ್ಲೇ ಗಾಡಿ ಕುಣಿಯಿತು. ಕೊಕ್ಕೆಯಲ್ಲಿ ಒಳಗಿನ ಎರಡು ಚಕ್ರವೂ ಎದ್ದು, ಹೊರಗಿನ ಎರಡರ ಮೇಲೆ ನಿಂತು, ದೊಪ್ಪೆಂದು ಬಿದ್ದು, ಬಾಲ ತಿರುಗಿಸಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ಅಳಿಯಂದಿರು ಹಟ ಬಿಡದೆ ಇನ್ನೊಂದು ಸುತ್ತು ಮುಗಿಸಿದರು. ಐವತ್ತಮೂರು ಪಾಯಿಂಟ್ ನಾಲ್ಕು.

"ಅಕ್ಕನ ಕೈವಾಡ ಇದು," ಎಂದರು ಯಜಮಾನರು.

ಅಳಿಯಂದಿರು ಹೆಲ್ಮೆಟ್ ತೆಗೆದರು. ಮುಖ ಬಿಳಿಚಿಕೊಂಡಿತ್ತು, ಆದರೆ ನಗುತ್ತಿದ್ದರು. "ಅವರು ಬಿಚ್ಚಿಕೊಡ್ತೀನಿ ಅಂದ್ರು, ನೀವೇ ಬೇಡ ಅಂದ್ರಿ ಮಾವ. ಈ ಸೀಟು ನನ್ನ ಅಳತೇದಲ್ಲ." ಆಮೇಲೆ ಸೊಸೆಯ ಕಡೆ ತಿರುಗಿ, "ಧೈರ್ಯ ಸಾಲ್ದು ಅಂದಿದ್ದೆ. ತಪ್ಪಾಯ್ತು. ತಿರುಗದ ಗಾಡೀನ ತಿಂಗಳಿಡೀ ಓಡಿಸಿದವರಿಗೆ ಧೈರ್ಯಕ್ಕೇನೂ ಕಮ್ಮಿ ಇರಲ್ಲ," ಎಂದರು.

ಐದಕ್ಕೆ ಹತ್ತು ನಿಮಿಷವಿತ್ತು. ನಾನು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಗೂಡಿನಿಂದ ಇಳಿದು ಶೆಡ್ಡಿಗೆ ಬಂದೆ. ಯಜಮಾನರು, "ಒಂದು ವಾರ ತಡೀರಿ ಮೇಷ್ಟ್ರೇ, ಯೋಚನೆ ಮಾಡಿ ಹೇಳ್ತೀನಿ," ಎಂದರು.

"ಪಟ್ಟಿ ಐದಕ್ಕೆ ಮುಚ್ಚುತ್ತೆ. ಐವತ್ತೊಂದರ ಒಳಗೆ ಅಂತ ಹೇಳಿದವರು ನೀವು. ಐವತ್ತು ಪಾಯಿಂಟ್ ಏಳು ಅಂತ ಹೇಳಿದ್ದು ಯಂತ್ರ. ಇನ್ನು ಯೋಚನೆ ಮಾಡೋಕೆ ಏನೂ ಉಳಿದಿಲ್ಲ," ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. ಅವರ ಎದುರಿನಲ್ಲೇ ಚಾಲಕರ ಪಟ್ಟಿಯಲ್ಲಿ ಸೊಸೆಯ ಹೆಸರು ಬರೆದೆ. ಅವರು ಸುತ್ತ ನಿಂತವರ ಮುಖ ನೋಡಿ ಪಕ್ಕಕ್ಕೆ ಸರಿದರು.

ಆಮೇಲೆ ಆ ಹಳೆಯ ಪುಟ ತೆರೆದು ನನ್ನ ಷರಾವನ್ನು ರಬ್ಬರಿನಿಂದ ಉಜ್ಜಲು ಹೋದೆ. ಸೊಸೆ ಕೈ ಅಡ್ಡ ಹಿಡಿದಳು.

"ಅಳಿಸಬೇಡಿ ಮೇಷ್ಟ್ರೇ. ಅಡ್ಡಗೆರೆ ಹೊಡೀರಿ. ಮೊದಲು ಏನು ಬರೆದಿದ್ರಿ ಅಂತ ಓದೋರಿಗೆ ಕಾಣ್ಲಿ."

ಗೆರೆ ಹೊಡೆದೆ. ಪಕ್ಕದಲ್ಲಿ, ಯಾರೂ ಹೇಳಿಕೊಡದೆ, ನನ್ನದೇ ಷರಾ ಬರೆದು ಸಹಿ ಹಾಕಿದೆ: "ಮೇಲಿನದು ಸುಳ್ಳು."

ಯಜಮಾನರೂ ಉಳಿದವರೂ ಹೋದ ಮೇಲೆ, ನಾನು ಪುಸ್ತಕ ಮುಚ್ಚುತ್ತಿರುವಾಗ, ಅಕ್ಕ ಮೇಸ್ತ್ರಿಯ ಕುರ್ಚಿಯ ಹಿಂದೆ ಹೋಗಿ ಗೋಡೆಯ ಮುಂದೆ ನಿಂತಳು. ಕೆಂಪು ಅಕ್ಷರಗಳ ಕೆಳಗೆ ಸೀಮೆಸುಣ್ಣದಲ್ಲಿ ಬರೆದಳು: "ಕಾರಿಗೆ. ಕಾರ್ಟಿಗಾದರೆ, ಕೂರುವವರ ಮೈ ನೋಡಿ."

ಮೇಸ್ತ್ರಿ ಕತ್ತು ಹೊರಳಿಸಿ ಓದಿದ. "ಸೀಮೆಸುಣ್ಣ ನಾಲ್ಕು ದಿನಕ್ಕೆ ಅಳಿಸಿಹೋಗುತ್ತೆ," ಎಂದ. "ಕಪಾಟಲ್ಲಿ ಕೆಂಪು ಪೇಂಟ್ ಇದೆ. ತಗೊಂಡು ಅದರಲ್ಲೇ ಬರಿ."

ಅಕ್ಕನ ಕಣ್ಣು ತುಂಬಿತು. ಮೂವತ್ತು ವರ್ಷದಲ್ಲಿ ಆ ಮನುಷ್ಯ ಅವಳ ಕೆಲಸವನ್ನು ಹೊಗಳಿದ್ದು ಅದೊಂದೇ ಸಲವಿರಬೇಕು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಸೀಮೆಸುಣ್ಣವನ್ನು ಮತ್ತೆ ಕಿವಿಯ ಮೇಲಿಟ್ಟಳು.

"ಪೇಂಟ್ ಬೇಡ ಕಣ್ರೀ," ಎಂದಳು. "ನಿಮ್ಮದನ್ನ ಪೇಂಟಲ್ಲಿ ಬರೆದಿದ್ದಕ್ಕೇ ಅಲ್ವಾ, ಮೀರೋಕೆ ನನಗೆ ಮೂವತ್ತು ವರ್ಷ ಬೇಕಾಯ್ತು. ನಾಳೆ ನಮ್ಮ ಸೊಸೆ ನನ್ನದನ್ನ ಅಳಿಸ್ಬೇಕಾಗಿ ಬಂದ್ರೆ ಬರೀ ಕೈಲಿ ಒರೆಸ್ಲಿ."

ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅತ್ತೆಯ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು, ಬೋಲ್ಟುಗಳು ಸಡಿಲಾಗಿವೆಯೇ ಎಂದು ಒಂದೊಂದಾಗಿ ನೋಡಲು ಕೂತಳು.